ಶತಾವರಿ ಬೇರಿನ ಮಳೆಗಾಲ

ಕಳೆದ ತಿಂಗಳು ಫೋಂಡಾದಲ್ಲಿ ನನ್ನ ಸ್ಕೂಟರಿನ ಹಿಂದಿನ ಗಾಲಿ ಪಂಕ್ಚರ್ ಆಯಿತು. ರಸ್ತೆ ಬದಿಯ ಅಂಗಡಿಯವನು ಟ್ಯೂಬನ್ನು ಉಜ್ಜಿ, ಡಬ್ಬಿಯ ಮುಚ್ಚಳ ತೆಗೆದು, ಬೆರಳಿನಿಂದ ಸೊಲ್ಯೂಷನ್ ಹಚ್ಚಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಗೊತ್ತಿಲ್ಲದೆಯೇ ಹಿಂದೆ ಸರಿದೆ. "ಕ್ಯಾ ಹುವಾ ಮೇಡಂ?" ಅಂದ. ಏನಿಲ್ಲ ಎಂದೆ. ಅವನಿಗೆ ಏನೆಂದು ಹೇಳುವುದು? ೨೦೦೬ರ ಮಳೆಗಾಲ ಪೂರ್ತಿ ನನ್ನ ತಲೆಗೂದಲು, ದುಪಟ್ಟಾ, ಊಟದ ಡಬ್ಬಿ ಎಲ್ಲದರಲ್ಲೂ ಅಂಥದೇ ವಾಸನೆ ಇತ್ತು. ಹೆಕ್ಸೇನ್ ಎಂಬ ದ್ರಾವಕದ ವಾಸನೆ ಅದು. ಅವ್ವ ನನ್ನ ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿಡುತ್ತಿದ್ದಳು.

ಆಗ ನಾವು ಪಣಜಿ ಹತ್ತಿರದ ಚಿಂಬಲ್‌ನಲ್ಲಿದ್ದೆವು. ಅಪ್ಪ ಬಾದಾಮಿ ಕಡೆಯಿಂದ ಗೋವಾಕ್ಕೆ ದುಡಿಯಲು ಬಂದ ಗೌಂಡಿ. ಅವ್ವನೂ ಅವನ ಜೊತೆ ಸಿಮೆಂಟಿನ ಬುಟ್ಟಿ ಹೊತ್ತವಳು. ಮೇಲೆ ತಗಡು, ಕೆಳಗೆ ಶಹಾಬಾದ್ ಕಲ್ಲು, ಮಧ್ಯೆ ಒಂದು ಕೋಣೆ. ಅದರಲ್ಲಿ ನಾವು ಮೂವರು. ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಲ್ಲುತ್ತದೆ. ಗಂಡಸರೆಲ್ಲ ಬಾಗಿಲಲ್ಲಿ ಕೂತು ಮಳೆ ನೋಡುತ್ತಾರೆ. ಆ ಮೂರ್ನಾಲ್ಕು ತಿಂಗಳು ಮನೆ ನಡೆಯುತ್ತಿದ್ದದ್ದು ನನ್ನ ಫೆಲೋಶಿಪ್ಪಿನಿಂದ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಹತ್ತಿರದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಔಷಧಿ ಬೇರುಗಳ ಸಂಶೋಧನೆಗೆ ಸೇರಿದ್ದೆ. ನಮ್ಮ ಓಣಿಯ ಹೆಂಗಸರು ನನಗೆ "ಬ್ಯಾರಿನ ಡಾಕ್ಟರು" ಎಂದು ಹೆಸರಿಟ್ಟಿದ್ದರು.

ನನ್ನ ಗೈಡ್ ದೇಸಾಯಿ ಸರ್. ಗೋವಾದವರೇ, ಆದರೆ ಹರೆಯದಲ್ಲಿ ಧಾರವಾಡದಲ್ಲಿ ಓದಿದವರು. ಸಂದರ್ಶನದ ದಿನ ಉಳಿದವರೆಲ್ಲ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದಾಗ ಅವರು ನನ್ನ ಅರ್ಜಿಯ ಮೇಲೆ ಕಣ್ಣಾಡಿಸಿ, "ಮಹಾದೇವಿ ಅಂದ್ರ ನೀ ನಮ್ಮ ಕಡಿಯಾಕಿನ ಅಂದಂಗಾತು. ಮನ್ಯಾಗ ಕನ್ನಡ ಮಾತಾಡ್ತೀರೇನು?" ಎಂದರು. ನನ್ನ ಹಣೆಯ ಬೆವರು ಆಗ ಆರಿತು. ಗೌಂಡಿಯ ಮಗಳು ಎಂದು ತಿಳಿದ ಮೇಲೂ ಅವರ ಮುಖ ಬದಲಾಗಲಿಲ್ಲ. ನನಗೆ ಸೀಟು ಕೊಟ್ಟವರು ಅವರು, ಸೂಕ್ಷ್ಮ ತಕ್ಕಡಿ ಮುಟ್ಟಲು ಕಲಿಸಿದವರು ಅವರು. ಈ ಋಣವೇ ಮುಂದೆ ನನ್ನ ಕಾಲಿಗೆ ತೊಡರಿಕೊಂಡಿತು.

ನಮ್ಮ ಕೆಲಸ ಔಷಧಿ ಬೇರುಗಳಲ್ಲಿರುವ ಕೊಬ್ಬಿನಾಮ್ಲಗಳನ್ನು ಅಳೆಯುವುದು. ಬೇರನ್ನು ಒಣಗಿಸಿ, ಪುಡಿ ಮಾಡಿ, ಹೆಕ್ಸೇನಿನಲ್ಲಿ ಗಂಟೆಗಟ್ಟಲೆ ಕುದಿಸಿದರೆ ಅದರ ಕೊಬ್ಬು ಬಿಟ್ಟುಕೊಳ್ಳುತ್ತದೆ. ದ್ರಾವಕವನ್ನು ಆವಿ ಮಾಡಿದರೆ ತಳದಲ್ಲಿ ಉಳಿಯುವುದು ಕಣ್ಣಿಗೆ ಕಂಡೂ ಕಾಣದಷ್ಟು ಜಿಡ್ಡು. ಅದನ್ನು ಇನ್ನಷ್ಟು ಹದ ಮಾಡಿ, ಸೂಜಿಯಿಂದ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂಬ ಯಂತ್ರಕ್ಕೆ ಚುಚ್ಚಬೇಕು. ಯಂತ್ರ ಒಂದೊಂದು ಆಮ್ಲವನ್ನೂ ಬೇರ್ಪಡಿಸಿ, ಕಾಗದದ ಮೇಲೆ ಒಂದೊಂದು ಶಿಖರವಾಗಿ ಗೀಚುತ್ತದೆ. ಹಗುರಾದವು ಮೊದಲು, ಭಾರವಾದವು ಆಮೇಲೆ.

ಸರ್‌ಗೆ ಹೆಸರು ತಂದದ್ದು ಶತಾವರಿ ಬೇರು. ಹಲವು ಮಕ್ಕಳ ತಾಯಿ ಬೇರು ಅನ್ನುತ್ತಾರಲ್ಲ, ಬಾಣಂತಿಯರಿಗೆ ಹಾಲು ಹೆಚ್ಚಲೆಂದು ಕೊಡುವುದು, ಅದೇ. ಕೆಲವು ವರ್ಷಗಳ ಹಿಂದೆ ಅವರು ತಮ್ಮ ಹಳ್ಳಿಮನೆಯ ತೋಟದ ಶತಾವರಿಯಲ್ಲಿ ಲಾರಿಕ್ ಆಮ್ಲ ಹೇರಳವಾಗಿದೆ ಎಂದು ಬರೆದಿದ್ದರು. ಲಾರಿಕ್ ತಾಯಿಯ ಹಾಲಿನಲ್ಲೂ ಇರುತ್ತದೆ. ಬೇರಿನ ಕೀರ್ತಿಗೆ ಇದೇ ಕಾರಣವಿರಬಹುದು ಎಂಬ ಅವರ ಮಾತು ಎಲ್ಲರಿಗೂ ಹಿಡಿಸಿತ್ತು. ಅದರ ಮೇಲೆಯೇ ಒಂದು ಪ್ರಾಜೆಕ್ಟ್ ಬಂತು, ಯಂತ್ರ ಬಂತು, ನಾನು ಬಂದೆ. ದೀಪಾವಳಿಯ ಹೊತ್ತಿಗೆ ಪರಿಶೀಲನಾ ಸಮಿತಿ ಬರುವುದಿತ್ತು. ಅಷ್ಟರೊಳಗೆ ಹಳೆಯ ಫಲಿತಾಂಶವನ್ನು ನಾನು ಮತ್ತೊಮ್ಮೆ ತೆಗೆದು ತೋರಿಸಬೇಕು. ಇಷ್ಟೇ ಕೆಲಸ, ಮಳೆಗಾಲದ ಮೊದಲ ವಾರದಲ್ಲೇ ಮುಗಿಯುತ್ತದೆ ಅಂದುಕೊಂಡಿದ್ದೆ.

ಲಾರಿಕ್ ಬರಲಿಲ್ಲ.

ಪಾಲ್ಮಿಟಿಕ್ ಬಂತು, ಲಿನೋಲಿಕ್ ಬಂತು, ಅವುಗಳ ಚಿಲ್ಲರೆ ಬಳಗವೂ ಬಂತು. ಎಲ್ಲಕ್ಕಿಂತ ಮೊದಲು ಬರಬೇಕಾಗಿದ್ದ ಲಾರಿಕ್‌ನ ಜಾಗದಲ್ಲಿ ಮಾತ್ರ ಯಂತ್ರದ ಲೇಖನಿ ಏರದೆ ನೆಟ್ಟಗೆ ಗೆರೆ ಎಳೆಯುತ್ತ ಹೋಯಿತು. ಸರ್ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಲಾರಿಕ್ ಭಾಳ ಹಗುರ. ನೀ ಆವಿ ಮಾಡೋ ಮುಂದ ಹಾರಿಸಿ ಬಿಡ್ಲಿಕ್ಕೆ ಹತ್ತೀ. ಕೈ ಸ್ವಲ್ಪ ನಿಧಾನ ಇರ್ಲಿ. ಮತ್ತೊಮ್ಮೆ ಮಾಡು" ಎಂದರು. ಅವರ ಮಾತಿನಲ್ಲಿ ಹುರುಳಿತ್ತು, ಹಾಗೆ ಆಗುವುದುಂಟು. ಮತ್ತೊಮ್ಮೆ ಮಾಡಿದೆ. ನೆಟ್ಟಗಿನ ಗೆರೆ. ಮತ್ತೆ ಮಾಡಿದೆ.

ಸರ್ ಊರಿಗೆ ಹೋದಾಗಲೆಲ್ಲ ಅದೇ ತೋಟದ ಬೇರನ್ನು ಅಗೆಸಿ, ತೊಳೆಸಿ, ಚೀಲದಲ್ಲಿ ತರುತ್ತಿದ್ದರು. ಬಿಸಿಲಿಲ್ಲದ ಕಾಲವಾದ್ದರಿಂದ ನಾನು ಅದನ್ನು ಪ್ರಯೋಗಾಲಯದ ಓವನ್ನಿನಲ್ಲಿ ಸ್ಟೀಲ್ ತಟ್ಟೆಯ ಮೇಲೆ ಒಣಗಿಸುತ್ತಿದ್ದೆ. ಹೊರಗೆ ಎಡೆಬಿಡದ ಮಳೆ. ಕಿಟಕಿಯ ಕಟ್ಟಿಗೆ ಉಬ್ಬಿ ತೆರೆಯಲಾಗುತ್ತಿರಲಿಲ್ಲ. ಒಳಗೆ ದ್ರಾವಕದ ವಾಸನೆ, ಯಂತ್ರದ ಗುಂಯ್ ಸದ್ದು. ಯಂತ್ರ ಹೊತ್ತಿಸಿದ ಮೇಲೆ ಬಿಟ್ಟು ಏಳುವಂತಿಲ್ಲ. ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣನ್ನು ಆ ಕಾಗದದ ಮೇಲಿಟ್ಟು ಕೂರುತ್ತಿದ್ದೆ. ಲಾರಿಕ್ ಬರುವ ಹೊತ್ತಾದಾಗ ಉಸಿರು ತಾನಾಗಿ ನಿಲ್ಲುತ್ತಿತ್ತು. ಗೆರೆ ಮುಂದೆ ಹೋದ ಮೇಲೆ ಮತ್ತೆ ಉಸಿರು.

ಸಂಜೆ ಮನೆಗೆ ಬಂದರೆ ಅಪ್ಪನ ಪ್ರಶ್ನೆ. ಏನೋ ಒಂದು ಬರಬೇಕು, ಅದು ಬಂದರೆ ಮಗಳ ಕೆಲಸ ಮುಗಿಯುತ್ತದೆ ಎಂಬಷ್ಟು ಅವನಿಗೆ ತಿಳಿದಿತ್ತು. ಅದರ ಹೆಸರು ಅವನ ಕಿವಿಗೆ ಲಾರಿ ಎಂದೇ ಬಿದ್ದಿತ್ತು.

"ಇವತ್ತರ ಬಂತೇನವಾ ನಿನ್ನ ಲಾರಿ?"

"ಇಲ್ಲಪ್ಪಾ."

"ಮಳಿಗಾಲ ನೋಡು, ಎಲ್ಲಿ ಸಿಕ್ಕೊಂಡೈತೋ ಏನೋ" ಅನ್ನುತ್ತಿದ್ದ. ಮೊದಮೊದಲು ನಾನೂ ಅವ್ವನೂ ನಗುತ್ತಿದ್ದೆವು. ಆಷಾಢ ಕಳೆಯುವ ಹೊತ್ತಿಗೆ ನಗುವುದನ್ನು ಬಿಟ್ಟೆವು. ಅಪ್ಪನೂ ತಮಾಷೆಗೆ ಕೇಳುತ್ತಿರಲಿಲ್ಲ.

ಆ ನಡುವೆ ಮಡ್ಕಯಿಯ ಔಷಧಿ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಖಾಯಂ ಕೆಲಸ, ಕಾರ್ಖಾನೆಯ ಬಸ್ಸು, ಪರೀಕ್ಷಾ ವಿಭಾಗದಲ್ಲಿ ನನ್ನದೇ ಒಂದು ಮೇಜು. ಚೌತಿ ಹಬ್ಬ ಮುಗಿದ ಮೇಲೆ ಬಂದು ಸೇರಬೇಕು, ಬರುವಾಗ ಗೈಡ್ ಬಿಡುಗಡೆ ಮಾಡಿದ ಪತ್ರ ತರಬೇಕು ಅಂದರು. ಅವ್ವ ಸಕ್ಕರೆ ಹಂಚಿದಳು. ನಾನು ಸರ್ ಮುಂದೆ ನಿಂತು ಹೇಗೋ ವಿಷಯ ಹೇಳಿದೆ.

ಅವರು ಸಿಟ್ಟಾಗಲಿಲ್ಲ. "ಹೋಗಬ್ಯಾಡ ಅಂತ ನಾ ಯಾಕ ಅನ್ಲಿ? ಚಲೋ ನೌಕರಿ ಅದ. ಆದ್ರ ಈ ಲಾರಿಕ್ ಒಂದು ತೋರಿಸಿ ಹೋಗು. ಅರ್ಧಕ್ಕ ಬಿಟ್ಟು ಹೋದ್ರ ದೇಸಾಯಿ ಮಾಡಿದ್ದು ಸುಳ್ಳು ಅಂತಾರ, ಇಲ್ಲಾ ಮಹಾದೇವಿಗೆ ಕೆಲಸ ಬರೂದಿಲ್ಲ ಅಂತಾರ. ಎರಡೂ ಬ್ಯಾಡ" ಎಂದರು.

ಬೈದಿದ್ದರೆ ಬಾಗಿಲು ದಾಟಿ ಹೋಗಬಹುದಿತ್ತು. ಇಷ್ಟು ಮೆತ್ತಗೆ ಹೇಳಿದವರನ್ನು ದಾಟಿ ಹೋಗುವುದು ಹೇಗೆ? ನಾನು ಮತ್ತೆ ಮೇಜಿಗೆ ಬಂದು ಬೇರು ಪುಡಿ ಮಾಡತೊಡಗಿದೆ.

ಆ ದಿನಗಳಲ್ಲಿ ನನ್ನ ಕೈಗಳನ್ನು ಕಂಡರೆ ನನಗೇ ಆಗುತ್ತಿರಲಿಲ್ಲ. ಅಪ್ಪನ ಕೈಗಳ ಹಾಗೆಯೇ ಅಗಲವಾದ, ದಪ್ಪ ಗೆಣ್ಣಿನ ಕೈಗಳು. ಇಂಥ ನಾಜೂಕು ಕೆಲಸಕ್ಕೆ ಹುಟ್ಟಿದವಲ್ಲ ಎಂದು ಒಳಗೊಂದು ದನಿ ಹೇಳುತ್ತಿತ್ತು. ಕೊನೆಗೆ ಒಂದು ದಿನ ಸಾಕಾಗಿ, ಸೀಸೆಯಲ್ಲಿದ್ದ ಶುದ್ಧ ಲಾರಿಕ್ಕನ್ನು ತೂಗಿ ನಾನೇ ಬೇರಿನ ಪುಡಿಗೆ ಬೆರೆಸಿದೆ. ಕುದಿಸುವುದು, ಆವಿ ಮಾಡುವುದು, ಚುಚ್ಚುವುದು ಎಲ್ಲವನ್ನೂ ಎಂದಿನಂತೆಯೇ ಮಾಡಿದೆ. ಹಾಕಿದ್ದೆಲ್ಲ ಹೆಚ್ಚುಕಡಿಮೆ ಹಾಗೆಯೇ ಹೊರಬಂತು. ಅಂದರೆ ನನ್ನ ಕೈಯಿಂದ ಅದು ಹಾರಿಹೋಗುತ್ತಿರಲಿಲ್ಲ! ಕಾಗದ ಹಿಡಿದು ಸರ್ ಹತ್ತಿರ ಓಡಿದೆ. ಅವರು ನೋಡಿ, "ಹೊರಗಿಂದ ಹಾಕಿದ್ದು ಬ್ಯಾರೆ, ಬೇರಿನೊಳಗ ಇರೋದು ಬ್ಯಾರೆ" ಎಂದು ಮಡಚಿ ಕೊಟ್ಟರು. ಚೌತಿ ಹತ್ತಿರ ಬಂದಿತ್ತು.

ಹಬ್ಬಕ್ಕೆ ಸರ್ ನನ್ನನ್ನು ಊರಿಗೆ ಕರೆದರು. ಅವರ ಮನೆ ಡಿಚೋಲಿ ದಾಟಿ ಒಳಗೆ. ಅದಿರಿನ ಲಾರಿಗಳು ಮಳೆಗಾಲಕ್ಕೆಂದು ರಸ್ತೆಯುದ್ದಕ್ಕೂ ಸಾಲಾಗಿ ನಿಂತಿದ್ದವು. ಕೆಂಪು ನೀರು ಅವುಗಳ ಗಾಲಿಗಳನ್ನು ಸುತ್ತಿ ಹರಿಯುತ್ತಿತ್ತು. ಮನೆಯಲ್ಲಿ ಸರ್ ಅವರ ತಾಯಿ ಇದ್ದರು. ಎಲ್ಲರೂ ಕರೆಯುವ ಹಾಗೆ ನಾನೂ ಅವರನ್ನು ಆಯಿ ಎಂದೆ. ಸಣ್ಣ ಮೈಕಟ್ಟಿನ, ಚುರುಕಿನ ಮುದುಕಿ. "ಬಸ ಗೊ ಬಾಯ್" ಎಂದು ಕೈ ಹಿಡಿದು ಕೂರಿಸಿದರು. ಅವರದು ಕೊಂಕಣಿ, ನನಗೆ ಅದು ಓಣಿಯಲ್ಲೇ ಬಂದಿತ್ತು. ಮಗ ತಮ್ಮ ತೋಟದ ಬೇರಿನಿಂದ ಪರದೇಶದ ಪತ್ರಿಕೆಯಲ್ಲಿ ಹೆಸರು ಮಾಡಿದ್ದನ್ನು ನನಗೆ ಗೊತ್ತಿಲ್ಲವೇನೋ ಎಂಬಂತೆ ಮೊದಲಿನಿಂದ ಹೇಳಿದರು. ಹಬ್ಬಕ್ಕೆ ಬಂದಿದ್ದ ನೆಂಟರೂ ಕೇಳಿಸಿಕೊಂಡರು. ಸರ್ ಪಡಸಾಲೆಯಲ್ಲಿ ಕೂತು ನಾಚಿ ನಗುತ್ತಿದ್ದರು.

ಊಟಕ್ಕೆ ಜನ ಹೆಚ್ಚಾಗಿ ಕೂರಲು ಚಾಪೆ ಸಾಲಲಿಲ್ಲ. ಅಟ್ಟದ ಮೇಲಿದೆ, ಇಳಿಸು ಎಂದು ಆಯಿ ನನಗೆ ಹೇಳಿದರು. ಏಣಿ ಹತ್ತಿ, ಕೈಗೆ ಸಿಕ್ಕ ಮೊದಲ ಸುರುಳಿಯನ್ನು ಎಳೆದೆ. ದೊಡ್ಡ ಬಿದಿರಿನ ಚಾಪೆ. ಅಂಗೈಗೆಲ್ಲ ಜಿಡ್ಡು ಮೆತ್ತಿಕೊಂಡಿತು. ಹಳೆಯ ಕೊಬ್ಬರಿಯ ಕಮಟು ವಾಸನೆ.

ಕೆಳಗಿನಿಂದ ಆಯಿ ನಕ್ಕರು. ಅದಲ್ಲ, ಅದು ಬೇಸಿಗೆಯಲ್ಲಿ ಕೊಬ್ಬರಿ ಒಣಗಿಸುವ ಚಾಪೆ, ಸೀರೆ ಹಾಳಾಗುತ್ತದೆ, ಬಿಡು ಎಂದರು. ಆಮೇಲೆ, ಮಾತು ಬಂತೆಂದು, ಅದರ ಮೇಲೆಯೇ ನಿನ್ನ ಸರ್ ಆ ಬೇರುಗಳನ್ನೂ ಒಣಗಿಸಿದ್ದು, ಕೋಳಿ ಕೆದರುತ್ತವೆಂದು ಕೋಲು ಹಿಡಿದು ಅಂಗಳದಲ್ಲಿ ಕೂತಿರುತ್ತಿದ್ದ, ಎಂದು ಸೇರಿಸಿದರು.

ನಾನು ಏಣಿಯ ಮೇಲೆಯೇ ನಿಂತುಬಿಟ್ಟೆ. ತೆಂಗಿನೆಣ್ಣೆಯ ಅರ್ಧದಷ್ಟು ಲಾರಿಕ್ಕೇ. ಇದು ರಸಾಯನಶಾಸ್ತ್ರ ಓದಿದ ಯಾರಿಗೂ ಗೊತ್ತು. ಶತಾವರಿ ಬೇರಿನ ಸ್ವಂತ ಕೊಬ್ಬೋ ಹನಿಯೂ ಅಲ್ಲ. ಅಂಥದಕ್ಕೆ ಕೊಬ್ಬರಿಯ ಜಿಡ್ಡು ಒಂದಿಷ್ಟು ತಗುಲಿದರೂ ಸಾಕು, ಶಿಖರ ಏಳುತ್ತದೆ.

ಅಂದು ಎಲೆಯಲ್ಲಿ ಏನೇನು ಬಡಿಸಿದರೋ ನೆನಪಿಲ್ಲ. ಹೊರಡುವಾಗ ಆಯಿಯ ಹತ್ತಿರ ಹಳೆಯ ಚಾಪೆಯ ತುಂಡೊಂದನ್ನು ಕೇಳಿದೆ, ಪ್ರಯೋಗಾಲಯದಲ್ಲಿ ಬೇಕು ಎಂದೆ. ಅವರು ಸಂತೋಷದಿಂದ ಕತ್ತರಿಸಿ, ಸುತ್ತಿ ಕೊಟ್ಟರು.

ಸರ್‌ಗೆ ಹೇಳುವ ಮೊದಲು ನನಗೆ ಖಾತ್ರಿ ಬೇಕಿತ್ತು. ಆ ವಾರ ಬಂದ ಹಸಿ ಬೇರನ್ನು ಚಾಪೆಯ ತುಂಡಿನ ಮೇಲೆ ಹರವಿ, ಓವನ್ನಿನಲ್ಲಿಟ್ಟು ಒಣಗಿಸಿದೆ. ಮುಂದಿನದೆಲ್ಲ ಎಂದಿನ ಹಾಗೆ. ಯಂತ್ರದ ಮುಂದೆ ಕೂತೆ. ಆ ಹೊತ್ತು ಬಂತು. ಲೇಖನಿ ಒಮ್ಮೆ ತಡವರಿಸಿ, ಸರ್ರನೆ ಮೇಲೆ ಹೋಯಿತು. ಅಷ್ಟು ತಿಂಗಳು ಹರಕೆ ಹೊತ್ತಂತೆ ಕಾದ ಶಿಖರ ಕಣ್ಣೆದುರಿಗಿತ್ತು. ನಾನು ತಿರುಗಿ ಆ ಚಾಪೆಯ ತುಂಡನ್ನು ನೋಡಿದೆ.

ಹಿಂದೆ ಯಾರೋ ನಿಂತ ಹಾಗಾಗಿ ತಿರುಗಿದೆ. ಸರ್. ಅವರ ಕಣ್ಣು ಕಾಗದದ ಮೇಲಿತ್ತು.

"ಬಂತಲ್ಲ!" ಎಂದರು. ಸಣ್ಣ ಹುಡುಗರ ದನಿ. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಗದ ಹರಿದುಕೊಂಡು ಹೊರಟೇಬಿಟ್ಟರು. ವಿಭಾಗದವರನ್ನೆಲ್ಲ ಕರೆದರು, ಕ್ಯಾಂಟೀನಿನಿಂದ ಪೇಡೆ ತರಿಸಿದರು. "ನಾ ಹೇಳಿರ್ಲಿಲ್ಲ? ಕೈಗೆ ಹದ ಬರಬೇಕು. ಬಂತು ನೋಡ್ರಿ" ಎಂದು ನನ್ನ ಬೆನ್ನು ತಟ್ಟಿದರು. ಅಲ್ಲೇ ಕೂತು ಬಿಡುಗಡೆಯ ಪತ್ರ ಬರೆದು, ಸಹಿ ಹಾಕಿ, ನನ್ನ ಕೈಗಿಟ್ಟರು. "ಸೋಮವಾರ ಮಡ್ಕಯಿಗೆ ಹೋಗು. ಮೊದಲ್ನೇ ಪಗಾರಕ್ಕ ಆಯಿಗೊಂದು ಸೀರಿ ತರಬೇಕು ಮತ್ತ."

ಅಷ್ಟು ಜನರ ನಡುವೆ, ಅವರ ಮುಖದಲ್ಲಿ ಅಷ್ಟು ಬೆಳಕಿರುವಾಗ, ನನ್ನ ನಾಲಿಗೆ ಏಳಲಿಲ್ಲ. ಪೇಡೆಯನ್ನು ಕಾಗದದಲ್ಲಿ ಸುತ್ತಿಕೊಂಡು ಮನೆಗೆ ಬಂದೆ.

"ಲಾರಿ ಬಂತಪ್ಪಾ" ಎಂದೆ.

ಅಪ್ಪ ಎದ್ದು ನಿಂತ. ಅವ್ವ ದೇವರ ಮುಂದೆ ಊದಿನಕಡ್ಡಿ ಹಚ್ಚಿದಳು. ನಾನು ಮೂಲೆಯಲ್ಲಿ ಕೂತು ಅಳತೊಡಗಿದೆ. ಖುಷಿಗೆ ಅಂದುಕೊಂಡರು ಅವರು. ಮಳೆಗಾಲವಿಡೀ ಮುಚ್ಚಿಕೊಂಡಿದ್ದ ಬಾಗಿಲು ತೆರೆದಿತ್ತು. ಹೊರಗೆ ಹೋಗಲು ನಾನು ಮಾಡಬೇಕಾದದ್ದು ಸುಮ್ಮನಿರುವುದಷ್ಟೇ. ಆದರೆ ಸುಮ್ಮನೆ ಹೋದರೆ ಆ ನೆಟ್ಟಗಿನ ಗೆರೆಗಳೆಲ್ಲ ನನ್ನ ಕೈಯ ತಪ್ಪೆಂದೇ ಉಳಿಯುತ್ತವೆ. ಮುಂದೆ ನನ್ನ ಜಾಗಕ್ಕೆ ಬರುವವಳೂ ಓವನ್ನಿನಲ್ಲಿ ಬೇರೊಣಗಿಸಿ, ಆ ಗೆರೆಯ ಮುಂದೆ ಉಸಿರು ಹಿಡಿದು ಕೂರುತ್ತಾಳೆ. ಬೆಳಿಗ್ಗೆ ಎದ್ದಾಗ ನನಗೆ ಬೇರೆ ದಾರಿ ಕಾಣಲಿಲ್ಲ.

ಸರ್ ಕೋಣೆಯ ಬಾಗಿಲು ಹಾಕಿಕೊಂಡು, ಚಾಪೆಯ ತುಂಡನ್ನು ಮೇಜಿನ ಮೇಲಿಟ್ಟೆ.

"ಸರ್, ನಿನ್ನಿ ಬಂದಿದ್ದು ಬೇರಿಂದಲ್ಲರಿ."

"ಅಂದ್ರ?"

"ಬೇರು ಇದರ ಮ್ಯಾಲ ಒಣಗಿಸಿದ್ನಿರಿ."

ಅವರಿಗೆ ಗುರುತು ಹತ್ತಲು ಹೊತ್ತು ಬೇಕಾಗಲಿಲ್ಲ. "ಇದು ನಮ್ಮ ಮನಿ ಚಾಪಿ" ಎಂದರು. ಬೆರಳಿನಿಂದ ಒಮ್ಮೆ ಸವರಿದರು. ಬೆರಳನ್ನು ಮೂಗಿನ ಹತ್ತಿರ ಹಿಡಿದರು. ಮುಂದೆ ನಾನು ಏನೂ ವಿವರಿಸಬೇಕಾಗಲಿಲ್ಲ. ನಾನು ಕಂಡ ದೊಡ್ಡ ರಸಾಯನಶಾಸ್ತ್ರಜ್ಞರು ಅವರು. ಕಿಟಕಿಯ ಕಡೆ ತಿರುಗಿ, "ನೀ ಹೋಗು" ಎಂದರು.

ಎಲ್ಲಿಗೆ ಎಂದು ಕೇಳುವ ಧೈರ್ಯ ಇರಲಿಲ್ಲ. ಒಂದೆರಡು ದಿನ ಅವರು ಕಾಲೇಜಿಗೆ ಬರಲಿಲ್ಲ. ನನ್ನ ಬ್ಯಾಗಿನಲ್ಲಿ ಬಿಡುಗಡೆಯ ಪತ್ರ ಹಾಗೆಯೇ ಇತ್ತು, ಅದನ್ನು ಅವರು ವಾಪಸು ಕೇಳಿರಲಿಲ್ಲ. ಸೋಮವಾರ ಬೆಳಿಗ್ಗೆ ಮಡ್ಕಯಿಯ ಕಡೆಯ ಬಸ್ಸು ಹಿಡಿಯಬೇಕಾದವಳು ಕಾಲೇಜಿನ ಕಡೆಯ ಬಸ್ಸು ಹತ್ತಿದೆ. ಅವರೊಬ್ಬರನ್ನೇ ಆ ಚಾಪೆಯ ಜೊತೆ ಬಿಟ್ಟು ಹೋಗುವುದು ನನ್ನಿಂದ ಆಗಲಿಲ್ಲ.

ಹೋಗಿ ನೋಡಿದರೆ ಸರ್ ಹಳೆಯ ಏಪ್ರನ್ ತೊಟ್ಟು ಸಿಂಕಿನ ಮುಂದೆ ನಿಂತು ಗಾಜಿನ ಸಾಮಾನು ತೊಳೆಯುತ್ತಿದ್ದರು. ಅವರು ಸ್ವತಃ ಕೆಲಸಕ್ಕಿಳಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ತಾಜಾ ಬೇರನ್ನು ಎರಡು ಪಾಲು ಮಾಡಿದರು. ಒಂದು ಪಾಲು ಚಾಪೆಯ ಮೇಲೆ, ಇನ್ನೊಂದು ಸ್ಟೀಲ್ ತಟ್ಟೆಯ ಮೇಲೆ. ಒಣಗಿಸುವುದರಿಂದ ಹಿಡಿದು ಆವಿ ಮಾಡುವವರೆಗೆ ನನ್ನನ್ನು ಮುಟ್ಟಗೊಡಲಿಲ್ಲ. ಯಂತ್ರಕ್ಕೆ ಚುಚ್ಚುವ ಹೊತ್ತಿಗೆ ಮಾತ್ರ ಸೂಜಿಯನ್ನು ನನ್ನ ಕಡೆ ಚಾಚಿ, "ಇಷ್ಟು ದಿನ ಚುಚ್ಚಿದಾಕಿ ನೀ. ಈಗೂ ನೀನ ಹಿಡಿ" ಎಂದರು.

ಚುಚ್ಚಿದೆ. ಚಾಪೆಯ ಬೇರಿಗೆ ಶಿಖರ, ತಟ್ಟೆಯ ಬೇರಿಗೆ ನೆಟ್ಟಗಿನ ಗೆರೆ. ಎರಡೂ ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಹರಡಿ, ಅವುಗಳ ಮೇಲೆ ಬಾಗಿ ನಿಂತರು. ಕನ್ನಡಕ ತೆಗೆದರು.

"ಮಹಾದೇವಿ, ನಿನ್ನ ಕೈ ಬರೋಬ್ಬರಿ ಇತ್ತು."

ಮಳೆಗಾಲವಿಡೀ ಆ ಒಂದು ಮಾತಿಗಾಗಿ ನಾನು ಕಾದಿದ್ದೆ. ಅದು ಬಂದಾಗ ಅವರ ಮುಖ ನೋಡಲಾಗದೆ ತಲೆ ತಗ್ಗಿಸಿದೆ.

ಆ ವಾರವೇ ಅವರು ಆ ಪರದೇಶದ ಪತ್ರಿಕೆಗೆ ಬರೆದರು. ಹಳೆಯ ಫಲಿತಾಂಶ ತಪ್ಪು, ಒಣಗಿಸುವಾಗ ತೆಂಗಿನೆಣ್ಣೆ ತಗುಲಿದ್ದು ಕಾರಣ, ಗಮನಿಸದೇ ಹೋದದ್ದು ತಾನು ಎಂದು. ದೀಪಾವಳಿಯ ಹೊತ್ತಿಗೆ ಸಮಿತಿಯವರು ಬಂದಾಗಲೂ ನಿಂತು ಅಷ್ಟನ್ನೇ ಹೇಳಿದರು. ಚಿಕ್ಕ ವಯಸ್ಸಿನ ಸದಸ್ಯನೊಬ್ಬ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕದ್ದನ್ನು ನಾನು ಕಂಡೆ. ಸರ್ ಕೂಡ ಕಂಡರು, ಮಾತು ನಿಲ್ಲಿಸಲಿಲ್ಲ. ಪ್ರಾಜೆಕ್ಟ್ ಅಲ್ಲಿಗೆ ಮುಗಿಯಿತು. ಅದರ ಜೊತೆ ನನ್ನ ಫೆಲೋಶಿಪ್ಪೂ, ಪಿಎಚ್.ಡಿ.ಯೂ. ಮಡ್ಕಯಿಯ ಮೇಜಿಗೆ ಅಷ್ಟರಲ್ಲಿ ಬೇರೆ ಯಾರೋ ಬಂದಿದ್ದರು. ಮುಂದೆ ನಾನು ಬಿ.ಎಡ್. ಮಾಡಿ ಶಾಲೆಗೆ ಸೇರಿದೆ, ಇಂದಿಗೂ ಅಲ್ಲೇ ಇದ್ದೇನೆ.

ಅಪ್ಪನಿಗೆ ಮಾತ್ರ ಇದು ಬಗೆಹರಿಯಲಿಲ್ಲ. "ಲಾರಿ ಬಂತಂದಿ. ಮತ್ಯಾಕ ಹೋಗ್ಲಿಲ್ಲ?"

"ಬಂದಿದ್ದು ನಮ್ಮದಲ್ಲಪ್ಪಾ. ದಾರಿ ತಪ್ಪಿ ಬಂದಿತ್ತು."

"ಹಂಗಾರ ತಿರುಗಿ ಕಳಿಸಿದ್ದು ಚಲೋ ಆತು" ಎಂದ. ಮರುದಿನ ಕರಣೆ ಹುಡುಕಿಕೊಂಡು ಕೆಲಸಕ್ಕೆ ಹೊರಟ. ಮಳೆ ನಿಂತಿತ್ತು.

ಪ್ರಯೋಗಾಲಯದ ಕೀಲಿ ಒಪ್ಪಿಸಿದ ದಿನ ಸರ್ ನನ್ನ ಜೊತೆ ಬಸ್ ಸ್ಟಾಪಿನವರೆಗೆ ನಡೆದು ಬಂದರು. ಇಡೀ ಪ್ರಕರಣದಲ್ಲಿ ಅವರು ನನ್ನನ್ನು ಏನೂ ಕೇಳಿಕೊಂಡಿರಲಿಲ್ಲ. ಯಾರಿಗೂ ಹೇಳಬೇಡ ಎನ್ನಲಿಲ್ಲ, ಸ್ವಲ್ಪ ತಡೆ ಎನ್ನಲಿಲ್ಲ. ಸ್ಟಾಪಿನಲ್ಲಿ ನಿಂತ ಮೇಲೆ ಮೆಲ್ಲಗೆ, "ಒಂದು ಮಾತು ಅದ, ಮಹಾದೇವಿ" ಎಂದರು.

"ಹೇಳ್ರಿ ಸರ್."

"ಆಯಿಗೆ ಹೇಳಬ್ಯಾಡ. ನಮ್ಮ ತ್ವಾಟದ ಬೇರಿನಾಗ ತಾಯಿ ಹಾಲಿನ ಗುಣ ಅದ ಅಂತ ಊರ ತುಂಬ ಹೇಳ್ಕೋತ ಬಂದಾಳ. ಬಾಣಂತ್ಯಾರ ಮನಿಗೆ ತಾನ ಹೋಗಿ ಕೊಟ್ಟು ಬರ್ತಾಳ."

"ಕೊಡ್ಲಿ ಬಿಡ್ರಿ ಸರ್" ಎಂದೆ. "ಬೇರಿಗೇನಾಗೇತ್ರಿ? ಬೇರು ಚಲೋನ ಐತಿ."

ಅವರು ನನ್ನನ್ನು ನೋಡಿದರು. ಮೊದಲು ಭುಜ ಅಲುಗಿತು, ಆಮೇಲೆ ನಗು ಬಂತು. ನಗುತ್ತ ನಗುತ್ತಲೇ ಕನ್ನಡಕ ತೆಗೆದು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರ್ "ಚಿಂಬಲ್, ಚಿಂಬಲ್" ಎಂದು ಕೂಗುತ್ತಿದ್ದ. ನಾನು ಹತ್ತಿ ಕೂತ ಮೇಲೂ ಅವರು ಅಲ್ಲಿಯೇ ನಿಂತು ನಗುತ್ತಿದ್ದರು.